ಮರುಕಳಿಸುವ ಕಂಕುಳ ಕುರು: ಅದರ ಸ್ವರೂಪವೂ ಶುಶ್ರೂಷೆಯೂ

ರೋಗಗಳಲ್ಲಿ ನಾಲ್ಕು ಜನರ ಎದುರಿನಲ್ಲಿ ಹೇಳಿಕೊಳ್ಳತಕ್ಕವು, ಮನೆಯವರಿಂದಲೂ ಮುಚ್ಚಿಡತಕ್ಕವು ಎಂಬ ಎರಡು ಬಗೆಗಳನ್ನು ನಮ್ಮ ಸಮಾಜವು ತಾನಾಗಿಯೇ ಮಾಡಿಕೊಂಡಿದೆ. ಜ್ವರ ಬಂದವನನ್ನು ನೆರೆಯವರು ಬಂದು ವಿಚಾರಿಸುವರು. ಕಾಲು ಮುರಿದವನಿಗೆ ಬಸ್ಸಿನಲ್ಲಿ ಎದ್ದು ಸ್ಥಳ ಕೊಡುವರು. ಆದರೆ ಕಂಕುಳಲ್ಲಿ, ತೊಡೆಸಂದಿನಲ್ಲಿ, ಸ್ತನಗಳ ಕೆಳಗೆ, ಕುಳಿತುಕೊಳ್ಳುವ ಭಾಗದಲ್ಲಿ ಕುರು ಎದ್ದು ಕೀವು ಸೋರುತ್ತಿರುವವರು ಅದನ್ನು ಯಾರೊಡನೆ ಹೇಳಿಕೊಳ್ಳಬೇಕು? ಹೇಳಿಕೊಳ್ಳದೆ ವರ್ಷಗಟ್ಟಲೆ ಬಟ್ಟೆಯ ತುಂಡನ್ನು ಮಡಚಿ ಒಳಗಿಟ್ಟುಕೊಂಡು, ನಗುಮೊಗದಿಂದ ಓಡಾಡುತ್ತಿರುವವರು ನಮ್ಮ ಊರುಗಳಲ್ಲಿದ್ದಾರೆ. ಅವರ ಈ ಮೌನವೇ ರೋಗವನ್ನು ಬೆಳೆಯಿಸುವ ಕಾರಣಗಳಲ್ಲಿ ಒಂದಾಗಿರುವುದರಿಂದ, ಈ ತಿಂಗಳು ಅದೇ ವಿಷಯವನ್ನು ಸಂಕೋಚವಿಲ್ಲದೆ ವಾಚಕರ ಮುಂದಿಡುತ್ತೇವೆ.

ಬೆಳ್ತಂಗಡಿ ತಾಲೂಕಿನಲ್ಲಿ ಉಜಿರೆಯನ್ನು ದಾಟಿ, ಮುಂಡಾಜೆಯ ಮೇಲಾಗಿ ಚಾರ್ಮಾಡಿ ಘಾಟಿಯ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಕಕ್ಕಿಂಜೆ ಎಂಬ ಊರಿರುವುದು. ಅಡಿಕೆ ತೋಟ, ರಬ್ಬರು ತೋಟ, ಬೀಡಿ ಕಟ್ಟುವ ಕೆಲಸ ಇವುಗಳಿಂದ ಜೀವನ ಸಾಗಿಸುವ ಸೀಮೆಯದು. ಘಟ್ಟದ ಬುಡವಾದುದರಿಂದ ಜೂನ್ ತಿಂಗಳಿನಿಂದ ನಾಲ್ಕು ತಿಂಗಳು ಮಳೆ ಬಿಡುವುದಿಲ್ಲ. ಒಗೆದ ಬಟ್ಟೆ ಒಣಗುವುದಿಲ್ಲ. ಉಳಿದ ದಿನಗಳಲ್ಲಿ ಸೆಕೆ ಮತ್ತು ಬೆವರು. ಇಂತಹ ಊರಿನ ಒಬ್ಬ ಯುವತಿಯನ್ನು ಕಲ್ಪಿಸಿಕೊಳ್ಳೋಣ. ಹದಿನೆಂಟನೆಯ ವಯಸ್ಸಿನಲ್ಲಿ ಅವಳ ಕಂಕುಳಲ್ಲಿ ಒಂದು ಗಂಟು ಎದ್ದಿತು. ಸೆಕೆಗೆ ಎದ್ದ ಕುರು ಎಂದು ಅಜ್ಜಿ ಅರಸಿನ ಹಚ್ಚಿದರು. ಒಡೆದು ವಾಸಿಯಾಯಿತು. ಎರಡು ತಿಂಗಳ ಮೇಲೆ ಅದರ ಪಕ್ಕದಲ್ಲಿಯೇ ಇನ್ನೊಂದು. ಒಬ್ಬ ವೈದ್ಯರು ಕೊಯ್ದು ಕೀವು ತೆಗೆದರು. ಮತ್ತೊಬ್ಬರು ಐದು ದಿನದ ಮಾತ್ರೆ ಕೊಟ್ಟರು. ಮೂರನೆಯವರು ಶುಚಿಯಾಗಿರಬೇಕಮ್ಮಾ ಎಂದರು. ದಿನಕ್ಕೆ ಎರಡು ಸಲ ಮೀಯುವ ಹುಡುಗಿಗೆ ಆ ಮಾತು ಕೊಯ್ತಕ್ಕಿಂತ ಹೆಚ್ಚು ನೋಯಿಸಿತು. ಹತ್ತು ವರ್ಷ ಕಳೆಯುವುದರೊಳಗಾಗಿ ಎರಡು ಕಂಕುಳುಗಳಲ್ಲಿಯೂ ಹಗ್ಗದಂತಹ ಕಲೆಗಳು, ಅವುಗಳ ನಡುವೆ ಸೋರುವ ತೂತುಗಳು. ಕೈಯನ್ನು ತಲೆಯ ಮೇಲಕ್ಕೆ ಎತ್ತಲಾರಳು. ಇದು ಕಲ್ಪನೆಯ ವ್ಯಕ್ತಿಯೇ ಹೌದು. ಆದರೆ ಈ ರೋಗವುಳ್ಳವರ ಚರಿತ್ರೆಯು ಜಗತ್ತಿನ ಎಲ್ಲಾ ಕಡೆಗಳಲ್ಲಿಯೂ ಹೆಚ್ಚುಕಡಿಮೆ ಹೀಗೆಯೇ ಇರುವುದು. ಮೊದಲ ಕುರು ಎದ್ದ ದಿನದಿಂದ ರೋಗಕ್ಕೆ ಸರಿಯಾದ ಹೆಸರು ದೊರೆಯುವ ತನಕ ಸರಾಸರಿ ಏಳರಿಂದ ಹತ್ತು ವರ್ಷಗಳು ಕಳೆದುಹೋಗುತ್ತವೆಂದು ಅನೇಕ ದೇಶಗಳ ವೈದ್ಯರು ಲೆಕ್ಕಹಾಕಿದ್ದಾರೆ.

ರೋಗದ ಹೆಸರು ಮತ್ತು ಚರಿತ್ರೆ

ಈ ರೋಗಕ್ಕೆ ವೈದ್ಯರು ಇಟ್ಟ ಹೆಸರು ಹೈಡ್ರಾಡಿನೈಟಿಸ್ ಸಪ್ಯುರಟೈವಾ ಎಂಬುದು. ಹೆಸರು ಉದ್ದವಾದರೂ ಅರ್ಥ ಸರಳವಾಗಿದೆ: ಬೆವರಿನ ಗ್ರಂಥಿಗಳು ಊದಿ ಕೀವುಗಟ್ಟುವುದು. ಪ್ಯಾರಿಸಿನ ಶಸ್ತ್ರವೈದ್ಯನಾದ ವೆಲ್ಪೋ ಎಂಬವನು ೧೮೩೯ರಲ್ಲಿ ಇಂತಹ ಕುರುಗಳನ್ನು ವರ್ಣಿಸಿದನು. ಅದೇ ನಗರದ ವೆರ್ನಯ್ ಎಂಬವನು ೧೮೫೪ರಲ್ಲಿ ಇದು ಬೆವರಿನ ಗ್ರಂಥಿಗಳ ರೋಗವೆಂದು ಊಹಿಸಿದನು. ಆತನ ಊಹೆಯು ಸರಿಯಲ್ಲವೆಂದು ಅನಂತರ ತಿಳಿದುಬಂದರೂ ಹೆಸರು ಮಾತ್ರ ಉಳಿದುಕೊಂಡಿತು. ರೋಗವು ಆರಂಭವಾಗುವುದು ಬೆವರಿನ ಗ್ರಂಥಿಯಲ್ಲಲ್ಲ, ಕೂದಲು ಹುಟ್ಟುವ ರೋಮಕೂಪದಲ್ಲಿ ಎಂಬುದು ಇಂದಿನ ನಿರ್ಣಯ.

ಕಾರ್ಲ್ ಮಾರ್ಕ್ಸನು ತನ್ನ ಮಹಾಗ್ರಂಥದ ಮೊದಲ ಸಂಪುಟವು ೧೮೬೭ರಲ್ಲಿ ಪ್ರಕಟವಾಗುವ ಮುಂಚಿನ ವರ್ಷಗಳಲ್ಲಿ ಮೈಮೇಲೆಲ್ಲಾ ಏಳುತ್ತಿದ್ದ ಕುರುಗಳ ಬಾಧೆಯನ್ನು ಮಿತ್ರನಾದ ಎಂಗೆಲ್ಸನಿಗೆ ಮತ್ತೆ ಮತ್ತೆ ಬರೆದು ತಿಳಿಸುತ್ತಿದ್ದನು. ಆ ಕಾಗದಗಳನ್ನು ಪರಿಶೀಲಿಸಿದ ಸ್ಯಾಮ್ ಶುಸ್ಟರ್ ಎಂಬ ಇಂಗ್ಲೆಂಡಿನ ಚರ್ಮವೈದ್ಯರು, ಆತನಿಗಿದ್ದುದು ಸಾಮಾನ್ಯ ಕುರುವಲ್ಲ, ಇದೇ ರೋಗವೆಂದು ೨೦೦೮ರಲ್ಲಿ ವಾದಿಸಿದರು. ಸತ್ತವರ ರೋಗವನ್ನು ಕಾಗದಗಳಿಂದ ನಿರ್ಣಯಿಸುವುದು ಕಠಿಣವೇ ಸರಿ. ಆದರೂ ಈ ರೋಗವು ಮನುಷ್ಯನ ದೇಹವನ್ನಷ್ಟೇ ಅಲ್ಲದೆ ಮನಸ್ಸನ್ನೂ ಎಷ್ಟು ಹಿಂಡಬಲ್ಲುದೆಂಬುದನ್ನು ಆ ವಾದವು ಜನರ ಗಮನಕ್ಕೆ ತಂದಿತು.

ರೋಗವು ಬೆಳೆಯುವ ಬಗೆ

ಕಂಕುಳು, ತೊಡೆಸಂದು ಮುಂತಾದ ಚರ್ಮಕ್ಕೆ ಚರ್ಮ ತಾಗುವ ಸ್ಥಳಗಳಲ್ಲಿ ರೋಮಕೂಪದ ಬಾಯಿಯು ಸತ್ತ ಚರ್ಮದ ಕಣಗಳಿಂದ ಮುಚ್ಚಿಹೋಗುವುದು. ಕೆಳಗಿನಿಂದ ಬರುವ ಜಿಡ್ಡು ಹೊರಬೀಳಲು ದಾರಿಯಿಲ್ಲದೆ ಕೂಪವು ಉಬ್ಬುವುದು. ಕೊನೆಗೆ ಮೇಲಕ್ಕೆ ಒಡೆಯದೆ ಚರ್ಮದ ಒಳಗೇ ಒಡೆಯುವುದು. ಒಳಗೆ ಚೆಲ್ಲಿದ ಆ ಕಸವನ್ನು ನಮ್ಮ ದೇಹದ ರೋಗನಿರೋಧಕ ಶಕ್ತಿಯು ಪರಕೀಯ ವಸ್ತುವೆಂದು ಭಾವಿಸಿ, ಅಗತ್ಯಕ್ಕಿಂತ ಹತ್ತು ಪಾಲು ರೋಷದಿಂದ ಅದರ ಮೇಲೆ ಬೀಳುವುದು. ಆ ಹೋರಾಟದ ಫಲವೇ ನೋವು, ಬಾವು ಮತ್ತು ಕೀವು. ಆದುದರಿಂದ ಇದು ಹೊರಗಿನ ಕೊಳೆಯಿಂದ ಬಂದ ರೋಗವಲ್ಲ. ಹೊರಗಿನಿಂದ ಎಷ್ಟು ತೊಳೆದರೂ ಒಳಗಣ ಆ ರೋಷವು ಅಡಗುವುದಿಲ್ಲ.

ಕುರು ಮತ್ತೆ ಮತ್ತೆ ಎದ್ದ ಸ್ಥಳದಲ್ಲಿ ದೇಹವು ಇನ್ನೊಂದು ಕೆಲಸವನ್ನು ಮಾಡುವುದು. ಒಡೆದ ಕೂಪದ ಅಂಚಿನಿಂದ ಚರ್ಮದ ಕಣಗಳು ಮಾಂಸದೊಳಕ್ಕೆ ಬೆಳೆದು, ಒಂದು ಕುರುವಿನಿಂದ ಇನ್ನೊಂದಕ್ಕೆ ಕೊಳವೆಯಂತಹ ದಾರಿಯನ್ನು ಕಟ್ಟುತ್ತವೆ. ನಮ್ಮ ಜಿಲ್ಲೆಯವರಿಗೆ ಇದನ್ನು ತಿಳಿಯಲು ಬೇರೆ ಉಪಮಾನ ಬೇಡ. ಬಂಟ್ವಾಳ ತಾಲೂಕಿನಲ್ಲಿಯೂ ಕಾಸರಗೋಡಿನ ಕಡೆಯಲ್ಲಿಯೂ ಮುರಕಲ್ಲಿನ ಗುಡ್ಡದಲ್ಲಿ ನೀರಿಗಾಗಿ ಸುರಂಗ ಕೊರೆಯುವುದನ್ನು ಎಲ್ಲರೂ ಬಲ್ಲರು. ಸುರಂಗದ ಬಾಯಿಗೆ ಕಲ್ಲು ಮುಚ್ಚಿದ ಮಾತ್ರಕ್ಕೆ ಒಳಗಿನ ಒರತೆ ನಿಲ್ಲುವುದೇ? ಹಾಗೆಯೇ ಈ ರೋಗದ ಸುರಂಗಗಳಿಗೂ ಒಳಮೈಯಲ್ಲಿ ಚರ್ಮದಂತಹ ಹೊದಿಕೆ ಇರುವುದರಿಂದ ಅವು ತಾವಾಗಿ ಕೂಡಿಕೊಳ್ಳುವುದಿಲ್ಲ. ಮೇಲೆ ಕೊಯ್ದು ಕೀವು ಹರಿಸಿದರೆ ಎರಡು ದಿನ ಸುಖವೆನಿಸುವುದು. ಸುರಂಗವು ಇದ್ದಲ್ಲಿಯೇ ಇರುವುದರಿಂದ ಕುರು ಹೆಚ್ಚುಕಡಿಮೆ ತಪ್ಪದೆ ಮರಳುವುದು. ಹತ್ತು ಸಲ ಕೊಯ್ಯಿಸಿಕೊಂಡರೂ ಗುಣವಾಗದವರು ತಮ್ಮ ಹಣೆಬರಹವನ್ನು ಹಳಿದುಕೊಳ್ಳುವ ಮುನ್ನ ಈ ಒಂದು ಸಂಗತಿಯನ್ನು ತಿಳಿದುಕೊಳ್ಳಬೇಕು.

ವೈದ್ಯನಾದ ಹರ್ಲಿ ಎಂಬವನು ೧೯೮೯ರಲ್ಲಿ ಹೇಳಿದ ಮೂರು ಹಂತಗಳನ್ನು ಈಗಲೂ ಬಳಸುತ್ತಾರೆ. ಬಿಡಿಬಿಡಿಯಾದ ಕುರುಗಳು, ಸುರಂಗವೂ ಕಲೆಯೂ ಇಲ್ಲ, ಇದು ಮೊದಲನೆಯದು. ದೂರದೂರವಾಗಿ ಮರುಕಳಿಸುವ ಕುರುಗಳು, ಅಲ್ಲೊಂದು ಇಲ್ಲೊಂದು ಸುರಂಗ ಮತ್ತು ಕಲೆ, ಇದು ಎರಡನೆಯದು. ಒಂದು ಇಡೀ ಭಾಗವೇ ಒಂದಕ್ಕೊಂದು ಕೂಡಿದ ಸುರಂಗಗಳಿಂದಲೂ ಗಟ್ಟಿಯಾದ ಕಲೆಗಳಿಂದಲೂ ತುಂಬಿರುವುದು ಮೂರನೆಯದು. ಬೆಳೆದ ರೋಗವೆಂದು ಈ ಲೇಖನದಲ್ಲಿ ಹೇಳುವುದು ಮುಖ್ಯವಾಗಿ ಈ ಮೂರನೆಯ ಹಂತವನ್ನು. ಎಲ್ಲರಲ್ಲಿಯೂ ರೋಗವು ಅಷ್ಟರ ತನಕ ಹೋಗುವುದಿಲ್ಲವೆಂಬುದು ಸಮಾಧಾನದ ಮಾತು.

ಯಾರಿಗೆ ಬರುವುದು?

ಸಾಮಾನ್ಯವಾಗಿ ಪ್ರಾಯಕ್ಕೆ ಬಂದ ಮೇಲೆ, ಇಪ್ಪತ್ತರ ಆಸುಪಾಸಿನಲ್ಲಿ ರೋಗವು ಕಾಣಿಸಿಕೊಳ್ಳುವುದು. ಯುರೋಪು, ಅಮೆರಿಕಗಳಲ್ಲಿ ಗಂಡಸರಿಗಿಂತ ಹೆಂಗಸರಲ್ಲಿ ಸುಮಾರು ಮೂರು ಪಾಲು ಹೆಚ್ಚು. ಜಪಾನು ಮತ್ತು ಕೊರಿಯಗಳಲ್ಲಿ ಗಂಡಸರಲ್ಲಿಯೇ ಹೆಚ್ಚು. ಅನೇಕ ಹೆಂಗಸರಿಗೆ ತಿಂಗಳ ಮುಟ್ಟಿನ ಮುಂಚಿನ ದಿನಗಳಲ್ಲಿ ಬಾಧೆ ಏರುವುದು. ರೋಗಿಗಳಲ್ಲಿ ಮೂರರಲ್ಲಿ ಒಂದು ಪಾಲಿನಷ್ಟು ಜನರ ಹತ್ತಿರದ ಸಂಬಂಧಿಕರಲ್ಲಿಯೂ ಇದು ಇರುವುದುಂಟು. ಕೆಲವು ಕುಟುಂಬಗಳಲ್ಲಿ ಇದಕ್ಕೆ ಕಾರಣವಾದ ವಂಶಾಣುಗಳ ದೋಷವನ್ನು ಚೀನ ದೇಶದ ವಿಜ್ಞಾನಿಗಳು ೨೦೧೦ರಲ್ಲಿ ಕಂಡುಹಿಡಿದರು.

ರೋಗವನ್ನು ಕೆರಳಿಸುವವುಗಳಲ್ಲಿ ಎರಡು ಮುಖ್ಯವಾದವು: ಧೂಮಪಾನ ಮತ್ತು ಅತಿಯಾದ ಮೈಭಾರ. ಬೀಡಿಯಾಗಲಿ ಸಿಗರೇಟಾಗಲಿ ಹೊಗೆಯ ಸಂಬಂಧವು ಈ ರೋಗಕ್ಕೆ ಬಲವಾಗಿಯೇ ಇದೆ. ಶಸ್ತ್ರಚಿಕಿತ್ಸೆಯ ಗಾಯ ಮಾಯುವುದಕ್ಕೂ ಹೊಗೆಯು ಶತ್ರು. ಮೈ ತುಂಬಿಕೊಂಡಂತೆ ಮಡಿಕೆಗಳಲ್ಲಿ ಉಜ್ಜಾಟವೂ ಬೆವರೂ ಹೆಚ್ಚುವುದು. ಆದರೆ ಸಣಕಲು ಮೈಯವರಿಗೂ ಹೊಗೆ ಸೇದದವರಿಗೂ ಈ ರೋಗ ಬರುವುದರಿಂದ, ರೋಗಿಯನ್ನು ಕಂಡಕೂಡಲೇ ಇದು ನಿನ್ನದೇ ತಪ್ಪು ಎಂದು ಹೇಳುವುದು ಅನ್ಯಾಯ.

ಮೂರು ತಪ್ಪು ತಿಳಿವಳಿಕೆಗಳು

ಮೊದಲನೆಯದು, ಇದು ಅಶುಚಿಯಿಂದ ಬರುವುದೆಂಬುದು. ಹಾಗಲ್ಲವೆಂದು ಮೇಲೆಯೇ ಹೇಳಿದೆ. ಎರಡನೆಯದು, ಇದು ಅಂಟುರೋಗವೆಂಬುದು. ಇದು ಒಬ್ಬರಿಂದೊಬ್ಬರಿಗೆ ಹರಡುವುದಿಲ್ಲ. ಒಂದೇ ತಟ್ಟೆ, ಒಂದೇ ಹಾಸಿಗೆ, ದಾಂಪತ್ಯದ ಸಹವಾಸ, ತಾಯಿ ಮಗುವನ್ನು ಎತ್ತಿಕೊಳ್ಳುವುದು, ಯಾವುದರಿಂದಲೂ ಬರುವುದಿಲ್ಲ. ತೊಡೆಸಂದಿನಲ್ಲಿ ಏಳುವ ಕಾರಣದಿಂದ ಇದನ್ನು ಗುಹ್ಯರೋಗವೆಂದು ಶಂಕಿಸಿ ಎಷ್ಟೋ ಸಂಸಾರಗಳಲ್ಲಿ ವೃಥಾ ಕಲಹಗಳಾಗುತ್ತವೆ. ಆ ಶಂಕೆಗೆ ಆಧಾರವಿಲ್ಲ.

ಮೂರನೆಯದು ನಮ್ಮ ತುಳುನಾಡಿಗೆ ವಿಶೇಷವಾದುದು. ಚರ್ಮದ ಮೇಲೆ ಏನೇ ವಾಸಿಯಾಗದ ಹುಣ್ಣು ಕಂಡರೂ ನಾಗದೋಷವೆಂದು ಭಾವಿಸುವ ರೂಢಿ ಇಲ್ಲಿ ಹಿಂದಿನಿಂದಲೂ ಇದೆ. ನಾಗನ ಕಟ್ಟೆಗೆ ಹಾಲೆರೆಯುವುದನ್ನಾಗಲಿ, ಸುಬ್ರಹ್ಮಣ್ಯಕ್ಕೆ ಹೋಗಿ ಸೇವೆ ಸಲ್ಲಿಸುವುದನ್ನಾಗಲಿ ಬೇಡವೆನ್ನುವುದು ನಮ್ಮ ಉದ್ದೇಶವಲ್ಲ. ನೊಂದ ಮನಸ್ಸಿಗೆ ಅದರಿಂದ ಬರುವ ಧೈರ್ಯ ದೊಡ್ಡದು. ಹರಕೆ ಸಲ್ಲಿಸಿದ ದಿನವೇ ವೈದ್ಯರ ಬಳಿಗೂ ಹೋಗಲಿ ಎಂಬುದಷ್ಟೇ ನಮ್ಮ ಪ್ರಾರ್ಥನೆ. ಒಂದು ಹರಕೆಯಿಂದ ಇನ್ನೊಂದು ಹರಕೆಯ ತನಕ ಕಾಯುತ್ತ ಕುಳಿತ ವರ್ಷಗಳಲ್ಲಿ ಸುರಂಗಗಳು ಬೆಳೆಯುತ್ತಲೇ ಇರುತ್ತವೆ.

ಗುರುತು ಹಿಡಿಯುವುದು

ಇದಕ್ಕೆ ರಕ್ತಪರೀಕ್ಷೆಯ ಅಗತ್ಯವಿಲ್ಲ. ಮೂರು ಪ್ರಶ್ನೆಗಳು ಸಾಕು. ನೋವುಳ್ಳ ಗಂಟು, ಕುರು, ಸೋರುವ ತೂತು, ಹಗ್ಗದಂತಹ ಕಲೆ ಇವುಗಳಿವೆಯೇ? ಅವು ಕಂಕುಳು, ತೊಡೆಸಂದು, ಸ್ತನದ ಕೆಳಭಾಗ, ಪೃಷ್ಠ ಇಂತಹ ಸ್ಥಳಗಳಲ್ಲಿಯೇ ಇವೆಯೇ? ಆರು ತಿಂಗಳಲ್ಲಿ ಎರಡು ಸಲವಾದರೂ ಮರುಕಳಿಸಿವೆಯೇ? ಮೂರಕ್ಕೂ ಹೌದೆಂಬ ಉತ್ತರವಾದರೆ ಚರ್ಮರೋಗದ ತಜ್ಞರಿಗೆ ತೋರಿಸಲು ತಡಮಾಡಬಾರದು.

ನಮ್ಮ ದೇಶದಲ್ಲಿ ಒಂದು ಎಚ್ಚರಿಕೆಯನ್ನು ವಿಶೇಷವಾಗಿ ಹೇಳಬೇಕು. ಕ್ಷಯರೋಗವು ಚರ್ಮಕ್ಕೂ ಗ್ರಂಥಿಗಳಿಗೂ ತಗಲಿ, ಕಂಕುಳಲ್ಲಿ ಇದೇ ರೀತಿ ಸೋರುವ ತೂತುಗಳನ್ನು ಮಾಡುವುದುಂಟು. ಕರುಳಿನ ಕ್ರೋನ್ ಎಂಬ ರೋಗದಲ್ಲಿ ಗುದದ ಸುತ್ತ ಇಂತಹ ತೂತುಗಳಾಗುತ್ತವೆ. ಆದುದರಿಂದ ವೈದ್ಯರು ಕೀವಿನ ಪರೀಕ್ಷೆಯನ್ನೋ, ಚರ್ಮದ ತುಂಡೊಂದನ್ನು ತೆಗೆದು ಪರೀಕ್ಷಿಸುವುದನ್ನೋ, ಎದೆಯ ಕ್ಷಕಿರಣ ಚಿತ್ರವನ್ನೋ ಮಾಡಿಸಬೇಕೆಂದರೆ ಅದು ವೃಥಾ ಖರ್ಚೆಂದು ತಿಳಿಯಬಾರದು.

ಔಷಧಗಳು

ಈ ರೋಗವನ್ನು ಬೇರುಸಹಿತ ಕಿತ್ತುಹಾಕುವ ಔಷಧವು ಇನ್ನೂ ದೊರೆತಿಲ್ಲ. ಆದರೆ ಅದನ್ನು ಹತೋಟಿಯಲ್ಲಿಡುವ ಉಪಾಯಗಳು ಹಿಂದೆಂದೂ ಇಲ್ಲದಷ್ಟು ಇಂದು ಇವೆ.

ಆರಂಭದ ಹಂತದಲ್ಲಿ ಕ್ಲಿಂಡಮೈಸಿನ್ ಎಂಬ ಔಷಧದ ನೂರಕ್ಕೆ ಒಂದು ಪಾಲಿನ ದ್ರಾವಣವನ್ನು ದಿನಕ್ಕೆರಡು ಸಲ ಮೂರು ತಿಂಗಳು ಹಚ್ಚುವುದುಂಟು. ರೋಗ ಹರಡಿದ್ದರೆ ಡಾಕ್ಸಿಸೈಕ್ಲಿನ್ ಮಾತ್ರೆಗಳನ್ನು ಕೆಲವು ತಿಂಗಳು ಕೊಡುವರು. ಅದಕ್ಕೂ ಬಗ್ಗದಿದ್ದರೆ ಕ್ಲಿಂಡಮೈಸಿನ್ ಮತ್ತು ರಿಫಾಂಪಿಸಿನ್ ಎರಡನ್ನೂ ಕೂಡಿಸಿ ಸಾಧಾರಣವಾಗಿ ಹತ್ತು ವಾರ ಕೊಡುವ ಕ್ರಮವಿದೆ. ಈ ಔಷಧಗಳು ಕ್ರಿಮಿಗಳನ್ನು ಕೊಲ್ಲುವುದಕ್ಕಿಂತಲೂ ಉರಿಯೂತವನ್ನು ತಗ್ಗಿಸುವ ಗುಣಕ್ಕಾಗಿ ಹೆಚ್ಚಾಗಿ ಬಳಕೆಯಲ್ಲಿವೆ. ರಿಫಾಂಪಿಸಿನ್ ಕ್ಷಯರೋಗದ ಮುಖ್ಯ ಔಷಧವಾಗಿರುವುದರಿಂದ, ಕ್ಷಯವಿಲ್ಲವೆಂದು ಖಾತ್ರಿಯಾದ ಮೇಲೆಯೇ ಅದನ್ನು ವೈದ್ಯರ ಕೈಯಿಂದ ಪಡೆಯಬೇಕು. ಅಂಗಡಿಯಿಂದ ತಾನಾಗಿ ಕೊಂಡು ನುಂಗಬಾರದು. ಅದನ್ನು ಸೇವಿಸುವಾಗ ಮೂತ್ರವು ಕಿತ್ತಳೆ ಬಣ್ಣಕ್ಕೆ ತಿರುಗುವುದು, ಭಯಪಡಬೇಕಾಗಿಲ್ಲ. ಆದರೆ ಗರ್ಭನಿರೋಧಕ ಮಾತ್ರೆಗಳ ಶಕ್ತಿಯನ್ನು ಅದು ಕುಂದಿಸುವುದರಿಂದ ವಿವಾಹಿತ ಸ್ತ್ರೀಯರು ವೈದ್ಯರೊಡನೆ ಆ ವಿಷಯವನ್ನು ಮುಚ್ಚುಮರೆಯಿಲ್ಲದೆ ಮಾತನಾಡಬೇಕು. ಗರ್ಭಿಣಿಯರೂ ಗರ್ಭವನ್ನು ಬಯಸುವವರೂ ಅದನ್ನು ಮೊದಲೇ ತಿಳಿಸಬೇಕು. ಡಾಕ್ಸಿಸೈಕ್ಲಿನ್ ಮುಂತಾದ ಹಲವು ಔಷಧಗಳು ಗರ್ಭಿಣಿಯರಿಗೆ ಸಲ್ಲವು.

ಬೆಳೆದ ರೋಗಕ್ಕೆ ೨೦೧೫ರಲ್ಲಿ ಹೊಸ ದಾರಿಯೊಂದು ತೆರೆಯಿತು. ಉರಿಯೂತವನ್ನು ಹೊತ್ತಿಸುವ ಒಂದು ವಸ್ತುವನ್ನು ರಕ್ತದಲ್ಲಿಯೇ ಹಿಡಿದು ಕಟ್ಟುವ ಅಡಲಿಮುಮಾಬ್ ಎಂಬ ಚುಚ್ಚುಮದ್ದಿಗೆ ಆ ವರ್ಷ ಅಮೆರಿಕದಲ್ಲಿ ಈ ರೋಗಕ್ಕಾಗಿ ಅನುಮತಿ ದೊರೆಯಿತು. ೬೩೩ ರೋಗಿಗಳ ಮೇಲೆ ನಡೆದ ಎರಡು ಪರೀಕ್ಷೆಗಳ ಫಲವು ೨೦೧೬ರಲ್ಲಿ ಪ್ರಕಟವಾಯಿತು. ಹನ್ನೆರಡು ವಾರಗಳಲ್ಲಿ ಕುರುಗಳೂ ಗಂಟುಗಳೂ ಅರ್ಧಕ್ಕೆ ಇಳಿದವರು ಒಂದು ಪರೀಕ್ಷೆಯಲ್ಲಿ ನೂರಕ್ಕೆ ೪೨, ಇನ್ನೊಂದರಲ್ಲಿ ೫೯ ಮಂದಿ. ಔಷಧವಿಲ್ಲದ ಬರಿಯ ಚುಚ್ಚುಮದ್ದು ಪಡೆದವರಲ್ಲಿ ನೂರಕ್ಕೆ ೨೬ರಿಂದ ೨೮. ಎಲ್ಲರಿಗೂ ಫಲಿಸುವ ಸಂಜೀವಿನಿಯಲ್ಲವೆಂಬುದೂ, ಬಹುಮಂದಿಗೆ ನಿಜವಾದ ಉಪಶಮನವೆಂಬುದೂ ಈ ಅಂಕೆಗಳಿಂದ ಒಟ್ಟಿಗೆ ತಿಳಿಯುವುದು. ಭಾರತದಲ್ಲಿ ಇದೇ ಔಷಧವನ್ನು ಹೋಲುವ ದೇಶೀಯ ತಯಾರಿಕೆಯು ೨೦೧೪ರ ಕೊನೆಯಲ್ಲಿಯೇ ಮಾರುಕಟ್ಟೆಗೆ ಬಂದುದರಿಂದ ಬೆಲೆಯೂ ಮೊದಲಿಗಿಂತ ಇಳಿದಿದೆ. ಸೆಕ್ಯುಕಿನುಮಾಬ್ ಎಂಬ ಮತ್ತೊಂದು ಔಷಧಕ್ಕೆ ೨೦೨೩ರಲ್ಲಿಯೂ ಬಿಮೆಕಿಜುಮಾಬ್ ಎಂಬುದಕ್ಕೆ ೨೦೨೪ರಲ್ಲಿಯೂ ಅಮೆರಿಕದಲ್ಲಿ ಅನುಮತಿ ದೊರೆಯಿತು. ಅಡಲಿಮುಮಾಬ್ ದೇಹದಲ್ಲಿ ಅಡಗಿರುವ ಕ್ಷಯವನ್ನು ಎಬ್ಬಿಸಬಲ್ಲುದು. ಆದುದರಿಂದ ಚುಚ್ಚುಮದ್ದು ಆರಂಭಿಸುವ ಮುನ್ನ ಕ್ಷಯಕ್ಕೂ ಯಕೃತ್ತಿನ ಸೋಂಕುಗಳಿಗೂ ಪರೀಕ್ಷೆ ಮಾಡಿಸತಕ್ಕದ್ದು.

ಶಸ್ತ್ರಚಿಕಿತ್ಸೆ

ಕೀವು ತುಂಬಿ ನೋವು ತಡೆಯಲಾರದಷ್ಟಾದಾಗ ಕೊಯ್ದು ಹರಿಸುವುದು ತಾತ್ಕಾಲಿಕ ಉಪಶಮನಕ್ಕೆ ಮಾತ್ರ. ಸುರಂಗಗಳನ್ನು ನಿವಾರಿಸಲು ಬೇರೆ ಎರಡು ವಿಧಾನಗಳಿವೆ. ಒಂದು, ಆ ಭಾಗವನ್ನಷ್ಟೇ ಮರಗಟ್ಟಿಸಿ ಸುರಂಗದ ಮೇಲ್ಛಾವಣಿಯನ್ನು ಪೂರ್ತಿಯಾಗಿ ತೆಗೆದು, ತಳವನ್ನು ಕೆರೆದು, ಗಾಯವನ್ನು ತಳದಿಂದ ಮಾಯಲು ಬಿಡುವುದು. ಒಂದೆರಡು ಸುರಂಗಗಳಿದ್ದವರಿಗೆ ಇದು ಸಾಕಾಗುವುದು. ಇನ್ನೊಂದು, ರೋಗ ತುಂಬಿದ ಚರ್ಮವನ್ನು ಒಳಗಣ ಕೊಬ್ಬಿನ ಸಹಿತ ವಿಶಾಲವಾಗಿ ಕತ್ತರಿಸಿ ತೆಗೆಯುವುದು. ಹಾಗೆ ತೆಗೆದ ಸ್ಥಳಕ್ಕೆ ತೊಡೆಯಿಂದ ತೆಗೆದ ಚರ್ಮವನ್ನು ನಾಟುವರು. ಇಲ್ಲವೆ ತಾನಾಗಿ ಮಾಯಲು ಬಿಡುವರು. ಬಿಟ್ಟರೆ ವಾರಗಳು, ಕೆಲವೊಮ್ಮೆ ತಿಂಗಳುಗಳೂ ಹಿಡಿಯುವುವು. ಕೇಳುವಾಗ ಭಯವಾಗುವುದು ಸಹಜ. ಆದರೆ ಮೂರನೆಯ ಹಂತದಲ್ಲಿ ತೆಗೆದ ಆ ಸ್ಥಳದ ಮಟ್ಟಿಗೆ ದೀರ್ಘಕಾಲದ ಬಿಡುಗಡೆಯನ್ನು ಕೊಡಬಲ್ಲುದು ಇದೇ. ಔಷಧದಿಂದ ಉರಿಯೂತವನ್ನು ತಗ್ಗಿಸಿ, ಉಳಿದ ಸುರಂಗಗಳನ್ನು ಶಸ್ತ್ರದಿಂದ ತೆಗೆಯುವ ಕೂಡುಕ್ರಮವನ್ನು ಇಂದಿನ ವೈದ್ಯರು ಮೆಚ್ಚುತ್ತಾರೆ. ಕಂಕುಳ ಶಸ್ತ್ರಚಿಕಿತ್ಸೆಯಾದವರು ವೈದ್ಯರು ಹೇಳಿದ ದಿನದಿಂದ ತೋಳನ್ನು ಮೆಲ್ಲಮೆಲ್ಲನೆ ಎತ್ತಿ ಇಳಿಸುವ ಅಭ್ಯಾಸವನ್ನು ಮಾಡಬೇಕು. ಮಾಡದಿದ್ದರೆ ಮಾಯುವ ಚರ್ಮವು ಬಿಗಿದು ತೋಳು ಸೆಟೆದುಕೊಳ್ಳುವುದು.

ಮನೆಯಲ್ಲಿ ಮಾಡತಕ್ಕ ಶುಶ್ರೂಷೆ

ಸ್ನಾನದಲ್ಲಿ ರೋಗದ ಭಾಗವನ್ನು ಬೆರಳಿನಿಂದಲೇ ಮೆತ್ತಗೆ ತೊಳೆಯಬೇಕು. ಹೀರೆಯ ನಾರು, ಒರಟು ಬಟ್ಟೆ, ಕಲ್ಲು ಇವುಗಳಿಂದ ಉಜ್ಜಬಾರದು. ವೈದ್ಯರು ಹೇಳಿದ್ದಲ್ಲಿ ಕ್ಲೋರ್‌ಹೆಕ್ಸಿಡಿನ್ ಮುಂತಾದ ಕ್ರಿಮಿನಾಶಕ ದ್ರವವನ್ನು ಹಚ್ಚಿ ತೊಳೆದುಬಿಡಬಹುದು. ಸುಣ್ಣ, ಗೇರೆಣ್ಣೆ, ನೀರು ಬೆರೆಸದ ಕ್ರಿಮಿನಾಶಕ, ಬಿಸಿ ಎಣ್ಣೆ ಇವು ಚರ್ಮವನ್ನು ಸುಡುವುದರಿಂದ ಎಂದಿಗೂ ಹಚ್ಚಬಾರದು. ಗಂಟನ್ನು ಹಿಚುಕುವುದು, ಸೂಜಿಯಿಂದ ಚುಚ್ಚುವುದು ಇವೂ ಸಲ್ಲವು. ಒಳಗೆ ಒಡೆದು ಸುರಂಗವು ಬೆಳೆಯುವುದು. ಹೊಸದಾಗಿ ಎದ್ದ ಗಂಟಿಗೆ ಉಗುರು ಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಹತ್ತು ನಿಮಿಷ ಇಟ್ಟರೆ ನೋವು ತಗ್ಗುವುದು. ಕಂಕುಳನ್ನು ಕ್ಷೌರದ ಕತ್ತಿಯಿಂದ ಬೋಳಿಸುವುದು, ಕೂದಲನ್ನು ಕೀಳುವುದು ಇವನ್ನು ಬಿಡಬೇಕು. ಬೇಕಿದ್ದರೆ ಕತ್ತರಿಯಿಂದ ಗಿಡ್ಡಮಾಡಬಹುದು.

ಸೋರುವ ಗಾಯಕ್ಕೆ ನೇರವಾಗಿ ಒಣ ಬಟ್ಟೆಯನ್ನು ಒತ್ತಿದರೆ ಅದು ಅಂಟಿಕೊಂಡು, ತೆಗೆಯುವಾಗ ಮತ್ತೆ ಗಾಯವಾಗುವುದು. ತೆಳುವಾಗಿ ವ್ಯಾಸಲೀನ್ ಸವರಿದ ಗಾಜ್ ಬಟ್ಟೆಯನ್ನು ಮೊದಲಿಟ್ಟು, ಅದರ ಮೇಲೆ ಹೀರಿಕೊಳ್ಳುವ ದಪ್ಪ ಪದರವನ್ನಿಡಬೇಕು. ಹೆಂಗಸರು ತಿಂಗಳಿಗೆ ಬಳಸುವ ಪ್ಯಾಡುಗಳು ಈ ಪದರಕ್ಕೆ ಚೆನ್ನಾಗಿ ಒದಗುತ್ತವೆ, ಎಲ್ಲಾ ಅಂಗಡಿಗಳಲ್ಲಿಯೂ ದೊರೆಯುತ್ತವೆ. ಚರ್ಮಕ್ಕೆ ಅಂಟುಪಟ್ಟಿಯನ್ನು ಹಚ್ಚಿದರೆ ತೆಗೆಯುವಾಗ ಚರ್ಮ ಕಿತ್ತುಬರುವುದರಿಂದ, ಮೆತ್ತಗಿನ ಬನಿಯನ್ನು ಅಥವಾ ಹತ್ತಿಯ ಒಳಉಡುಪು ಪಟ್ಟಿಯನ್ನು ಹಿಡಿದುಕೊಳ್ಳುವಂತೆ ಮಾಡಿಕೊಳ್ಳುವುದು ಲೇಸು. ನೆನೆದಾಗಲೆಲ್ಲ ಬದಲಾಯಿಸಬೇಕು, ಹಿಂದೆ ಮುಂದೆ ಕೈ ತೊಳೆಯಬೇಕು. ವಾಸನೆಯು ಸೋರಿಕೆ ಹೆಚ್ಚು ಹೊತ್ತು ನಿಂತುದರಿಂದ ಬರುವುದು. ಪಟ್ಟಿಯನ್ನು ಬೇಗ ಬದಲಾಯಿಸುವುದರಿಂದ ಬಹುಪಾಲು ತಗ್ಗುವುದು.

ಉಡುಪು ಸಡಿಲವಾದ ಹತ್ತಿಯದಿರಲಿ. ಮಳೆಗಾಲದಲ್ಲಿ ಅರೆಒದ್ದೆ ಬಟ್ಟೆಯನ್ನು ಉಡುವುದಕ್ಕಿಂತ, ಒಲೆಯ ಮೇಲಿನ ಅಟ್ಟದಲ್ಲಿಯೋ ಇಸ್ತ್ರಿಯಿಂದಲೋ ಒಣಗಿಸಿಕೊಳ್ಳುವ ಶ್ರಮ ಸಾರ್ಥಕ. ದಿನವಿಡೀ ಕುಳಿತು ಬೀಡಿ ಕಟ್ಟುವವರು ಮೆತ್ತಗಿನ ಆಸನವನ್ನಿಟ್ಟುಕೊಂಡು ಗಂಟೆಗೊಮ್ಮೆ ಎದ್ದು ನಡೆಯಲಿ. ಮೈಭಾರವುಳ್ಳವರು ಸಕ್ಕರೆ, ಬೇಕರಿಯ ತಿಂಡಿ, ಕರಿದ ಪದಾರ್ಥಗಳನ್ನು ಕಡಮೆಮಾಡಿ, ಒಂದು ತಟ್ಟೆ ಗಂಜಿಗೆ ಎರಡು ತಟ್ಟೆ ಪಲ್ಯವೆಂಬ ಪ್ರಮಾಣದಲ್ಲಿ ಉಂಡರೆ ಮೈಗೂ ಚರ್ಮಕ್ಕೂ ಹಿತ. ಮಧುಮೇಹ, ರಕ್ತದೊತ್ತಡ, ರಕ್ತಹೀನತೆ ಇವು ಈ ರೋಗದೊಡನೆ ಕೂಡಿಬರುವುದರಿಂದ ವರ್ಷಕ್ಕೊಮ್ಮೆ ಅವುಗಳ ಪರೀಕ್ಷೆಯೂ ಆಗಲಿ.

ತಡಮಾಡಬಾರದ ಲಕ್ಷಣಗಳು

ಚಳಿ ಸಹಿತ ಜ್ವರ, ಕುರುವಿನ ಸುತ್ತ ಕೆಂಪು ಗಂಟೆಗಂಟೆಗೆ ಹರಡುವುದು, ಮಂಕು ಅಥವಾ ಪ್ರಲಾಪ ಇವು ಕಂಡರೆ ಆ ರಾತ್ರಿಯೇ ಆಸ್ಪತ್ರೆಗೆ ಹೋಗತಕ್ಕದ್ದು. ಅನೇಕ ವರ್ಷಗಳ ಹಳೆಯ ಗಾಯದಲ್ಲಿ, ಮುಖ್ಯವಾಗಿ ಪೃಷ್ಠಭಾಗದಲ್ಲಿ, ಹೂಕೋಸಿನಂತೆ ಮಾಂಸ ಬೆಳೆಯುವುದು, ತಾನಾಗಿ ರಕ್ತ ಒಸರುವುದು ಕಂಡರೆ ಕೂಡಲೇ ತುಂಡು ಪರೀಕ್ಷೆ ಮಾಡಿಸಬೇಕು; ಅಪರೂಪವಾಗಿ, ಗಂಡಸರಲ್ಲಿ ಹೆಚ್ಚಾಗಿ, ಅಲ್ಲಿ ಚರ್ಮದ ಅರ್ಬುದ ಹುಟ್ಟುವುದುಂಟು. ಕೀಲುನೋವು, ರಕ್ತಬೆರೆತ ಭೇದಿ, ಜನನಾಂಗದ ಬಾವು ಇವುಗಳನ್ನೂ ವೈದ್ಯರಿಗೆ ಹೇಳಬೇಕು.

ಎಲ್ಲಿಗೆ ಹೋಗಬೇಕು?

ಕಕ್ಕಿಂಜೆಯ ಕಡೆಯವರು ಮೊದಲು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೋ ಬೆಳ್ತಂಗಡಿಯ ತಾಲೂಕು ಆಸ್ಪತ್ರೆಯಲ್ಲಿಯೋ ತೋರಿಸಿ, ಚರ್ಮತಜ್ಞರಿಗೆ ಚೀಟಿ ಬರೆಯಿಸಿಕೊಳ್ಳಬಹುದು. ಮಂಗಳೂರಿನ ಸರಕಾರಿ ವೆನ್ಲಾಕ್ ಆಸ್ಪತ್ರೆ, ದೇರಳಕಟ್ಟೆಯ ವೈದ್ಯಕೀಯ ಕಾಲೇಜುಗಳು, ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆ ಇವುಗಳಲ್ಲಿ ಚರ್ಮದ ವಿಭಾಗವೂ ಶಸ್ತ್ರಚಿಕಿತ್ಸೆಯ ವಿಭಾಗವೂ ಒಂದೇ ಆವರಣದಲ್ಲಿವೆ. ಕಂಕನಾಡಿಯಲ್ಲಿ ಫಾದರ್ ಆಗಸ್ಟಸ್ ಮುಲ್ಲರರು ೧೮೮೦ರಲ್ಲಿ ಬಡವರಿಗೆ ಔಷಧ ಹಂಚಲು ತೊಡಗಿ, ಊರು ದೂರವಿಟ್ಟ ಕುಷ್ಠರೋಗಿಗಳಿಗೂ ಆಶ್ರಯ ಕಟ್ಟಿದ ಸ್ಥಳವು ಇಂದು ದೊಡ್ಡ ಆಸ್ಪತ್ರೆಯಾಗಿ ಬೆಳೆದಿದೆ. ಚರ್ಮದ ರೋಗವುಳ್ಳವರನ್ನು ಮುಟ್ಟಿ ಉಪಚರಿಸುವ ಪರಂಪರೆ ನಮ್ಮ ಜಿಲ್ಲೆಗೆ ಹೊಸದಲ್ಲ. ಖರ್ಚಿನ ಚಿಂತೆಯುಳ್ಳವರು ೨೦೧೮ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯನ್ನು ವಿಚಾರಿಸಬೇಕು. ಬಿ.ಪಿ.ಎಲ್. ಪಡಿತರ ಚೀಟಿಯ ಕುಟುಂಬಕ್ಕೆ ವರ್ಷಕ್ಕೆ ೫ ಲಕ್ಷ ರೂಪಾಯಿಗಳ ತನಕ ಚಿಕಿತ್ಸೆಯ ಆಸರೆ ಅದರಲ್ಲಿದೆ. ತಮ್ಮ ಚಿಕಿತ್ಸೆಯು ಅದರ ಪಟ್ಟಿಯಲ್ಲಿದೆಯೇ ಎಂಬುದನ್ನು ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರಲ್ಲಿ ಕೇಳಿ ತಿಳಿಯಬಹುದು. ಹೋಗುವಾಗ ಮೊದಲ ಕುರು ಎದ್ದ ವರ್ಷ, ಎಷ್ಟು ಸಲ ಕೊಯ್ಯಿಸಿದೆ, ಯಾವ ಮಾತ್ರೆ ಎಷ್ಟು ದಿನ ನುಂಗಿದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋದರೆ ವೈದ್ಯರ ಅರ್ಧ ಕೆಲಸ ಮುಗಿದಂತೆ. ಬಾಯಿಬಿಟ್ಟು ಹೇಳಲು ನಾಚಿಕೆಯಾಗುವ ಹೆಣ್ಣುಮಕ್ಕಳಿಗೆ ಆ ಹಾಳೆಯೇ ಮಾತನಾಡುವುದು.

ಮನೆಯವರ ಕರ್ತವ್ಯ

ಈ ರೋಗದ ನೋವು ಚರ್ಮದಲ್ಲಿ ಮುಗಿಯುವುದಿಲ್ಲ. ಮದುವೆಯ ಮಾತು ಬಂದಾಗ ಹೆದರುವ ಹುಡುಗಿ, ಗಂಡನ ಬಳಿ ದೀಪ ಆರಿಸದೆ ಸುಳಿಯದ ಹೆಂಡತಿ, ಕೂಲಿಗೆ ಹೋಗದ ದಿನಗಳಿಗೆ ಸುಳ್ಳು ಕಾರಣ ಹೇಳುವ ಗಂಡಸು ಇವರೆಲ್ಲರ ಮನಸ್ಸು ಒಳಗೊಳಗೇ ಕುಸಿಯುತ್ತಿರುವುದು. ಈ ರೋಗಿಗಳಲ್ಲಿ ವಿಷಣ್ಣತೆಯೂ ಆತ್ಮಹತ್ಯೆಯ ಯೋಚನೆಯೂ ಇತರರಿಗಿಂತ ಹೆಚ್ಚೆಂದು ವೈದ್ಯರು ಕಂಡಿದ್ದಾರೆ. ಮನಸ್ಸು ಕತ್ತಲಾದವರು ೧೪೪೧೬ ಎಂಬ ಸಂಖ್ಯೆಗೆ ಕರೆ ಮಾಡಿದರೆ, ೨೦೨೨ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯಲ್ಲಿ ಕನ್ನಡದಲ್ಲಿಯೇ ಸಮಾಧಾನವೂ ಸಲಹೆಯೂ ದೊರೆಯುವುದು. ಅದಕ್ಕೆ ಹಣ ಕೊಡಬೇಕಾಗಿಲ್ಲ.

ಆದರೆ ಮೊದಲ ಆಸರೆಯು ಮನೆಯೇ ಆಗಬೇಕು. ಅತ್ತೆಯಾದವಳು ಸೊಸೆಯ ಬಟ್ಟೆಯ ಕಲೆಯನ್ನು ಕಂಡು ಮೂಗು ಮುಚ್ಚಿಕೊಳ್ಳದೆ, ಏನಮ್ಮಾ, ನೋಯುತ್ತಿದೆಯೇ ಎಂದು ಕೇಳಲಿ. ಗಂಡನಾದವನು ಆಸ್ಪತ್ರೆಗೆ ಜತೆಗೆ ಹೋಗಲಿ. ಮಳೆಗಾಲದಲ್ಲಿ ಮಂಗಳೂರಿನ ತನಕ ಬಸ್ಸಿನಲ್ಲಿ ಒಬ್ಬಳೇ ಹೋಗಿಬರುವುದು ಕುಳಿತುಕೊಳ್ಳಲಾರದವಳಿಗೆ ಎಷ್ಟು ಕಷ್ಟವೆಂದು ತಿಳಿಯಲಿ. ತಾಯಿಯಾದವಳು ಪ್ರಾಯಕ್ಕೆ ಬಂದ ಮಗಳಿಗೆ ಮುಟ್ಟಿನ ವಿಷಯವನ್ನು ಹೇಳಿಕೊಡುವಂತೆಯೇ, ಕಂಕುಳಲ್ಲಿ ಕುರು ಎರಡನೆಯ ಸಲ ಎದ್ದರೆ ತನಗೆ ತಿಳಿಸಬೇಕೆಂದೂ ಹೇಳಿಕೊಡಲಿ. ಮಗನಿಗೂ ಅದನ್ನೇ ಹೇಳಲಿ. ರೋಗವು ಮೊದಲ ಹಂತದಲ್ಲಿಯೇ ವೈದ್ಯರ ಕಣ್ಣಿಗೆ ಬಿದ್ದರೆ ಸುರಂಗಗಳನ್ನು ಬಹುಮಟ್ಟಿಗೆ ತಡೆಯಬಹುದು. ಈಗಾಗಲೇ ಮೂರನೆಯ ಹಂತಕ್ಕೆ ಬಂದವರಿಗೂ ಕೈ ಎತ್ತಿ ತಲೆ ಬಾಚಿಕೊಳ್ಳುವ, ನೋವಿಲ್ಲದೆ ಕುಳಿತು ಉಣ್ಣುವ ದಿನಗಳನ್ನು ಇಂದಿನ ವೈದ್ಯವು ಹಿಂದಕ್ಕೆ ತಂದುಕೊಡಬಲ್ಲುದು. ಅದಕ್ಕೆ ಬೇಕಾದ ಮೊದಲ ಕೆಲಸವು ರೋಗಿಯು ಬಾಯಿಬಿಡುವುದು. ಎರಡನೆಯದು, ಮನೆಯವರು ಜರೆಯದೆ ಕೇಳಿಸಿಕೊಳ್ಳುವುದು.